ಯಳಂದೂರಿನ ಬಂಗಲೆಯೂ ಗೃಹಸ್ಥಧರ್ಮವೂ

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ವಿವರಿಸುವಾಗ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕ್ಷೇತ್ರ ಮತ್ತು ವಾಸ್ತುಗಳನ್ನು ಮೊದಲು ಹೆಸರಿಸಿದ್ದಾರೆ. ಹೊಲ, ಮನೆಗಳ ಮೇಲಿನ ಮಮಕಾರವೇ ಗೃಹಸ್ಥನನ್ನು ಬಲವಾಗಿ ಬಂಧಿಸುವುದೆಂಬುದು ಇದರ ತಾತ್ಪರ್ಯ. ಹಾಗಾದರೆ ಮನೆಯೊಂದು ಒಡೆಯನ ಕೈಬಿಟ್ಟು ಸಾರ್ವಜನಿಕರಿಗೆ ಬಾಗಿಲು ತೆರೆದಾಗ ಅದು ಏನನ್ನು ಕಲಿಸುತ್ತದೆ?

ಕುಂತೂರಿಗೆ ಸಮೀಪದ ಯಳಂದೂರಿನಲ್ಲಿ ಇಂತಹ ಮನೆಯೊಂದಿದೆ. ದಿವಾನ್ ಪೂರ್ಣಯ್ಯನವರ ವಂಶಸ್ಥರ ಜಹಗೀರ್ದಾರ್ ಬಂಗಲೆ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿ ರೂಪುಗೊಂಡಿದೆ. 1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. ಒಮ್ಮೆ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲದಿದ್ದ ಹೊಸ್ತಿಲನ್ನು ಇಂದು ಸಾಮಾನ್ಯನೂ ದಾಟಬಹುದು.

ಪೂರ್ಣಯ್ಯನವರ ಏಳಿಗೆ ಆರಂಭವಾದದ್ದು ಅಂಗಡಿಯ ಲೆಕ್ಕದ ಪುಸ್ತಕದಿಂದ ಎಂಬುದು ವ್ಯಾಪಾರಿಗಳಾದ ನಮ್ಮ ಸಮಾಜದವರು ಗಮನಿಸಬೇಕಾದ ಸಂಗತಿ. 1746ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ವರ್ತಕರ ಬಳಿ ಲೆಕ್ಕ ಬರೆದು ಜೀವನ ಸಾಗಿಸಿದರು. ಹೈದರಾಲಿಯ ಆಸ್ಥಾನಕ್ಕೆ ಸಾಮಗ್ರಿ ಒದಗಿಸುತ್ತಿದ್ದ ಅನ್ನದಾನ ಶೆಟ್ಟರ ಮೂಲಕ ಸರ್ಕಾರದ ಸೇವೆಗೆ ಬಂದರು. 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದು, ನಿವೃತ್ತರಾಗುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವನ್ನು ಬಿಟ್ಟುಹೋದರೆಂದು ಹೇಳಲಾಗಿದೆ. ಮರುವರ್ಷವೇ ಕಾಲವಾದರು. ಆ ಹಣ ಉಳಿಯಲಿಲ್ಲ. 1831ರಲ್ಲಿ ರಾಜ್ಯದ ಆಡಳಿತವೇ ಬ್ರಿಟಿಷರ ವಶವಾಯಿತು. ಕೂಡಿಟ್ಟವನೊಬ್ಬ, ಕರಗಿಸಿದವರು ಬೇರೆಯವರು ಎಂಬ ಲೋಕದ ಮಾತಿಗೆ ರಾಜ್ಯಗಳೂ ಹೊರತಲ್ಲ.

ಇದೇ ಯಳಂದೂರು ಪೂರ್ಣಯ್ಯನವರಿಗಿಂತ ಒಂದು ಶತಮಾನಕ್ಕೂ ಮೊದಲೇ ಮೈಸೂರಿಗೆ ಮಂತ್ರಿಯೊಬ್ಬರನ್ನು ಕೊಟ್ಟಿತ್ತು. ಅವರು ಜೈನರಾದ ವಿಶಾಲಾಕ್ಷ ಪಂಡಿತರು. 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರಿಗೆ ಅವರು ಬಾಲ್ಯಸ್ನೇಹಿತರೂ ಪ್ರಧಾನಿಗಳೂ ಆಗಿದ್ದರು. 1677ರಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಅವರು ಸ್ವಂತ ದ್ರವ್ಯದಿಂದ ಮಸ್ತಕಾಭಿಷೇಕ ಮಾಡಿಸಿದ್ದನ್ನು ಅನಂತಕವಿ ದಾಖಲಿಸಿದ್ದಾನೆ. ಆದರೆ ಅವರ ಅಧಿಕಾರಾವಧಿಯಲ್ಲಿಯೇ ಹೊಸ ತೆರಿಗೆಗಳ ಭಾರದಿಂದ ರೈತರು ದಂಗೆಯೆದ್ದರು; ಅದನ್ನು ಕ್ರೂರವಾಗಿ ಅಡಗಿಸಲಾಯಿತು. 1686ರಲ್ಲಿ ಪಂಡಿತರು ಹಂತಕರ ಕೈಯಲ್ಲಿ ಹತರಾದರು. ಅಭಿಷೇಕದ ಪುಣ್ಯಕಾರ್ಯವನ್ನು ಅಭಿಮಾನದಿಂದ ನೆನೆಯುವ ನಾವು ಪ್ರಜೆಗಳ ಕಣ್ಣೀರಿನ ಅಧ್ಯಾಯವನ್ನು ಮುಚ್ಚಿಡುವುದು ಸತ್ಯವ್ರತಕ್ಕೆ ಸಲ್ಲದು. ದಾನದ ಹಿರಿಮೆ ದ್ರವ್ಯ ಬಂದ ದಾರಿಯ ಪ್ರಶ್ನೆಯನ್ನು ಅಳಿಸಲಾರದು.

ಬಂಗಲೆಯನ್ನು ನೋಡಹೋಗುವ ಕುಟುಂಬಗಳು ಕಟ್ಟಡದ ವೈಭವವನ್ನಷ್ಟೇ ನೋಡದೆ ಮಕ್ಕಳಿಗೆ ಈ ಇಬ್ಬರ ಕಥೆಯನ್ನೂ ಹೇಳಬೇಕು. ಅಲ್ಲಿಂದ ಗೌರೀಶ್ವರ ದೇವಾಲಯದ ಬಳೆಮಂಟಪಕ್ಕೆ ಹೋಗಿ, ಕಲ್ಲಿನಲ್ಲಿ ಕೊರೆದ ಬಳೆಗಳ ಸರಪಣಿಯನ್ನೂ ತೋರಿಸಬಹುದು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೂ ದೂರವಿಲ್ಲ. ರಾಜಾವಳಿ ಕಥೆಯನ್ನು ರಚಿಸಿದ ದೇವಚಂದ್ರನ ಊರು ಅದು.

ಫ್ರಾನ್ಸ್ ದೇಶದಲ್ಲಿ 1984ರಿಂದ ವರ್ಷಕ್ಕೊಮ್ಮೆ ಐತಿಹಾಸಿಕ ಕಟ್ಟಡಗಳನ್ನು ಜನರಿಗೆ ತೆರೆದಿಡುವ ಪದ್ಧತಿ ಆರಂಭವಾಗಿ ಯುರೋಪಿನಾದ್ಯಂತ ಹರಡಿತು. ನಮ್ಮ ಬಸದಿಗಳ ಟ್ರಸ್ಟ್‌ಗಳೂ ಏಪ್ರಿಲ್ 18ರ ವಿಶ್ವ ಪರಂಪರೆಯ ದಿನದಂದು ಹಳೆಯ ತಾಳೆಗರಿ, ಕಡತ, ದಾನಪತ್ರಗಳನ್ನು ಕಪಾಟಿನಿಂದ ಹೊರತೆಗೆದು ಎಲ್ಲ ಮತದವರಿಗೂ ತೋರಿಸಬಾರದೇಕೆ? ಅವುಗಳ ಪಕ್ಕದಲ್ಲಿ ಆ ವರ್ಷದ ಜಮಾಖರ್ಚನ್ನೂ ಇಡಲಿ. ಟ್ರಸ್ಟಿಯು ಆಸ್ತಿಯ ಒಡೆಯನಲ್ಲ, ಕಾವಲುಗಾರ. ಬೀಗದ ಕೈ ಇಂದು ಒಬ್ಬರ ಸೊಂಟದಲ್ಲಿ, ನಾಳೆ ಮತ್ತೊಬ್ಬರ ಸೊಂಟದಲ್ಲಿ. ಲೆಕ್ಕವೊಂದೇ ಶುದ್ಧವಾಗಿ ಉಳಿಯಬೇಕಾದದ್ದು.