ಆಫ್ರಿಕದ ದಂಡುಗಳ ಟೋಪಿಲಾಂಛನಗಳು

ರಾಜವಂಶಗಳ ಚರಿತ್ರೆಗೆ ಶಾಸನ ನಾಣ್ಯಗಳು ಹೇಗೆ ಸಾಧನಗಳೋ ಹಾಗೆಯೇ ಸೈನ್ಯಗಳ ಚರಿತ್ರೆಗೆ ಸಿಪಾಯಿಯು ಟೋಪಿಯ ಮೇಲೆ ಧರಿಸುತ್ತಿದ್ದ ಲೋಹದ ಲಾಂಛನವೂ ಒಂದು ಸಾಧನವು. ಆಫ್ರಿಕಖಂಡದಲ್ಲಿ ಬ್ರಿಟಿಷರು ಕಟ್ಟಿದ ದಂಡುಗಳ ಲಾಂಛನಗಳನ್ನು ಅನೇಕರು ಸಂಗ್ರಹಿಸುತ್ತಿರುವರು. ಇವುಗಳಿಂದ ಏನು ತಿಳಿಯಬರುತ್ತದೆ, ಏನು ತಿಳಿಯಬರುವುದಿಲ್ಲ ಎಂಬುದು ವಿಚಾರಾರ್ಹವಾಗಿದೆ.

1902ರಲ್ಲಿ ಮಧ್ಯ ಆಫ್ರಿಕ, ಪೂರ್ವ ಆಫ್ರಿಕ, ಉಗಾಂಡಗಳ ಪಡೆಗಳು ಒಂದುಗೂಡಿ ‘ಕಿಂಗ್ಸ್ ಆಫ್ರಿಕನ್ ರೈಫಲ್ಸ್’ ಎಂಬ ದಂಡಾಯಿತು. ಇದರ ಚಿಹ್ನೆಯು ಕಹಳೆ. ಇದು ಆಫ್ರಿಕದಲ್ಲಿ ಹುಟ್ಟಿದುದಲ್ಲ. ಕಹಳೆಯ ಸಂಜ್ಞೆಯಿಂದ ನಡೆಯುತ್ತಿದ್ದ ಇಂಗ್ಲೆಂಡಿನ ರೈಫಲ್ ಪಡೆಗಳಿಂದ ಬಂದುದು. ಪಶ್ಚಿಮದ ‘ವೆಸ್ಟ್ ಆಫ್ರಿಕನ್ ಫ್ರಾಂಟಿಯರ್ ಫೋರ್ಸ್’ ಆದರೋ ಆ ನಾಡಿನ ತಾಳೆಯ ಮರವನ್ನು ಧರಿಸಿತು. ಈ ದಂಡಿಗೆ ‘ರಾಯಲ್’ ಎಂಬ ಬಿರುದು 1928ರಲ್ಲಿ ದೊರೆತುದರಿಂದ, ಆ ಬಿರುದನ್ನು ಸೂಚಿಸುವ ಲಾಂಛನಗಳು ಆ ವರ್ಷಕ್ಕಿಂತ ಹಿಂದಿನವಾಗಲಾರವು.

ನೈಜೀರಿಯದ ದಂಡಿನ ಲಾಂಛನವು ಇನ್ನೂ ಗಮನಾರ್ಹವಾದುದು. ಅದರಲ್ಲಿ ಒಂದರೊಳಗೊಂದು ಹೆಣೆದ ಎರಡು ತ್ರಿಕೋಣಗಳೂ, ಜಯವು ದೇವರಿಂದ ಬರುವುದೆಂಬರ್ಥದ ಅರಬ್ಬೀ ಬರಹವೂ ಇದ್ದುವು. ಕ್ರೈಸ್ತ ದೊರೆಯ ದಂಡು ಇಂತಹ ಬರಹವನ್ನು ಧರಿಸಿದುದೇಕೆ? ಅದರ ಸಿಪಾಯಿಗಳಲ್ಲಿ ಉತ್ತರದ ಹೌಸಾ ಮುಸಲ್ಮಾನರು ಬಹುಮಂದಿ. ಆಳುವವರು ಆಳಿಸಿಕೊಳ್ಳುವವರ ನಂಬಿಕೆಯನ್ನು ಆಶ್ರಯಿಸದೆ ದಂಡು ಕಟ್ಟಲಾರದೆ ಹೋದರೆಂಬುದಕ್ಕೆ ಈ ಅಂಗೈಯಗಲದೊಳಗಣ ಲೋಹವೇ ಸಾಕ್ಷಿ. 1960ರಲ್ಲಿ ನೈಜೀರಿಯವು ಸ್ವತಂತ್ರವಾದಮೇಲೂ ಅದರ ಸೈನ್ಯವು ಈ ಬರಹವನ್ನು ಬಿಡಲಿಲ್ಲ.

ಇಷ್ಟನ್ನು ಲಾಂಛನವು ಹೇಳುವುದು. ಧರಿಸಿದವನು ಯಾರೆಂಬುದನ್ನು ಹೇಳದು. 1914ರಲ್ಲಿ ಮೂರು ಪಟಾಲಮುಗಳಿದ್ದ ಕಿಂಗ್ಸ್ ಆಫ್ರಿಕನ್ ರೈಫಲ್ಸ್ 1918ರ ವೇಳೆಗೆ 22 ಪಟಾಲಮುಗಳಾಗಿ, ಸುಮಾರು 35,000 ಮಂದಿಯುಳ್ಳದ್ದಾಯಿತು. ಮಡಿದವರ ಸ್ಮರಣೆಗೆಂದು 1927ರಲ್ಲಿ ದಾರೆಸ್ಸಲಾಮಿನಲ್ಲಿ ಕಂಚಿನ ಸಿಪಾಯಿಯ ಪ್ರತಿಮೆಯನ್ನು ನಿಲ್ಲಿಸಿದರು. ಅದರ ಪೀಠದಲ್ಲಿ ಮಡಿದವರ ಹೆಸರುಗಳಿಲ್ಲ. ಆಫ್ರಿಕ, ಏಷ್ಯಗಳವರೇ ಹೆಚ್ಚಾಗಿರುವ, ಕಡಮೆಯೆಂದರೆ 1,16,000 ಮೃತರಿಗೆ ಹೆಸರಿನಿಂದ ಸ್ಮಾರಕವಾಗಿಲ್ಲವೆಂದು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ 2021ರ ವರದಿಯು ಒಪ್ಪಿಕೊಂಡಿದೆ.

ಆ ಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಪಡೆದವನ ಸಂಖ್ಯೆ, ಹೆಸರು, ದಂಡುಗಳನ್ನು ಕೆತ್ತುವ ಪದ್ಧತಿಯಿತ್ತು. ಲಾಂಛನವು ದಂಡನ್ನು, ಪದಕವು ಮನುಷ್ಯನನ್ನು ತಿಳಿಸುತ್ತದೆ. ಒಬ್ಬನ ಮನೆಯಲ್ಲಿ ಒಂದಾಗಿ ಉಳಿದುಬಂದ ಲಾಂಛನ, ಪದಕ, ಬಿಡುಗಡೆಯ ಚೀಟಿಗಳನ್ನು ಬಿಡಿಬಿಡಿಯಾಗಿ ಮಾರಿದಲ್ಲಿ, ಆ ಸಿಪಾಯಿಯು ಎರಡನೆಯ ಸಲ ಹೆಸರಿಲ್ಲದವನಾಗುವನು. ಆದುದರಿಂದ ಸಂಗ್ರಾಹಕನು ವಸ್ತುವಿನೊಡನೆ ಅದು ಎಲ್ಲಿ, ಯಾರಿಂದ, ಯಾವುದರೊಡನೆ ದೊರೆಯಿತೆಂಬುದನ್ನೂ ಬರೆದಿಡುವುದು ಅತ್ಯಾವಶ್ಯಕವು. ಹಾಗಲ್ಲದ ಸಂಗ್ರಹವು ಎಷ್ಟು ದೊಡ್ಡದಾದರೂ ಚರಿತ್ರೆಗೆ ಉಪಯೋಗವು ಅಲ್ಪವೇ.