ದಿನಕ್ಕೆ 25 ಡಾಲರ್, ಖರ್ಚು ಬೇರೆ: ಫಿಲಿಪ್ ಮಾರ್ಲೋ ಯಾಕೆ ಇನ್ನೂ ಓದಿಸಿಕೊಳ್ತಾನೆ?

ಈ ಸಂಚಿಕೆಯಲ್ಲಿ ಒಬ್ಬ ಖಾಸಗಿ ಪತ್ತೇದಾರನ ಲೆಕ್ಕ ನೋಡೋಣ. ನಾನು ಬಿ.ಕಾಂ. ಓದಿದವನು. ಕೊಲೆ ಯಾರು ಮಾಡಿದ್ರು ಅನ್ನೋದಕ್ಕಿಂತ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅನ್ನೋದೇ ನನ್ನ ಕಣ್ಣಿಗೆ ಮೊದಲು ಬೀಳೋದು. ಪತ್ತೇದಾರನ ಹೆಸರು ಫಿಲಿಪ್ ಮಾರ್ಲೋ, ಊರು ಲಾಸ್ ಏಂಜಲೀಸ್. ಫೀಸು ದಿನಕ್ಕೆ 25 ಡಾಲರ್, ಖರ್ಚು ಬೇರೆ.

ಇವನನ್ನು ಸೃಷ್ಟಿಸಿದ ರೇಮಂಡ್ ಚಾಂಡ್ಲರ್ ಕೂಡ ಲೆಕ್ಕದ ಮನುಷ್ಯರೇ. 1888ರಲ್ಲಿ ಶಿಕಾಗೋದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, ಲಾಸ್ ಏಂಜಲೀಸ್‌ನ ತೈಲ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಿಂದ ಉಪಾಧ್ಯಕ್ಷ ಹುದ್ದೆವರೆಗೂ ಏರಿದರು. ಕುಡಿತ ಮತ್ತು ಗೈರುಹಾಜರಿಯಿಂದ 1932ರಲ್ಲಿ ಆ ಕೆಲಸ ಹೋಯ್ತು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ ಅದು. ಹೊಟ್ಟೆಪಾಡಿಗಾಗಿ 'ಬ್ಲ್ಯಾಕ್ ಮಾಸ್ಕ್' ಅನ್ನೋ ಅಗ್ಗದ ಪತ್ರಿಕೆಗೆ ಬರೆಯೋಕೆ ಕೂತರು. ಮೊದಲ ಕಥೆ ಬಂದಾಗ ವಯಸ್ಸು 45. ಮಾರ್ಲೋ ಕಾದಂಬರಿಗೆ ಕಾಲಿಟ್ಟಿದ್ದು 1939ರ 'ದಿ ಬಿಗ್ ಸ್ಲೀಪ್'ನಲ್ಲಿ. 1958ರ 'ಪ್ಲೇಬ್ಯಾಕ್' ತನಕ ಒಟ್ಟು ಏಳು ಕಾದಂಬರಿ.

ಆ ಊರು ಹೇಗಿತ್ತು ನೋಡಿ. 1927ರಲ್ಲಿ ಜೂಲಿಯನ್ ಪೆಟ್ರೋಲಿಯಂ ಅನ್ನೋ ಕಂಪನಿ ಲಕ್ಷಗಟ್ಟಲೆ ಬೋಗಸ್ ಷೇರು ಮಾರಿದ್ದು ಬಯಲಾಗಿ, ಸಾವಿರಾರು ಜನರ ಉಳಿತಾಯ ಮುಳುಗಿತು. ಆಗ ಚಾಂಡ್ಲರ್ ಅದೇ ತೈಲ ವ್ಯವಹಾರದಲ್ಲಿದ್ದರು. 1938ರಲ್ಲಿ ನಗರಾಡಳಿತದ ಭ್ರಷ್ಟಾಚಾರ ಕೆದಕುತ್ತಿದ್ದ ಹ್ಯಾರಿ ರೇಮಂಡ್ ಅನ್ನೋ ಖಾಸಗಿ ಪತ್ತೇದಾರನ ಕಾರಿನಲ್ಲಿ ಬಾಂಬ್ ಸಿಡಿಯಿತು. ಆತ ಬದುಕುಳಿದ. ಶಿಕ್ಷೆಯಾಗಿದ್ದು ಯಾರಿಗೆ ಗೊತ್ತಾ? ಅರ್ಲ್ ಕೈನೆಟ್ ಅನ್ನೋ ಪೊಲೀಸ್ ಅಧಿಕಾರಿಗೆ! ಅದೇ ವರ್ಷ ಮತದಾರರು ಮೇಯರ್ ಫ್ರಾಂಕ್ ಶಾ ಅವರನ್ನು ಮತ ಹಾಕಿ ಕೆಳಗಿಳಿಸಿದರು. ಮರುವರ್ಷವೇ ಮಾರ್ಲೋ ಬಂದ. ಓದುಗರಿಗೆ ಅದು ಬರೀ ಕಟ್ಟುಕಥೆ ಅನ್ನಿಸದೇ ಇದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಈಗ ಲೆಕ್ಕಕ್ಕೆ ಬರೋಣ. 'ದಿ ಬಿಗ್ ಸ್ಲೀಪ್'ನಲ್ಲಿ ಬಾಯಿ ಮುಚ್ಚಿಕೊಂಡಿರು ಅಂತ 15,000 ಡಾಲರ್ ಕೊಡೋಕೆ ಬರ್ತಾರೆ. ಅವನ ಫೀಸಿನ ಲೆಕ್ಕದಲ್ಲಿ ಅದು 600 ದಿನದ ದುಡಿಮೆ. ಮುಟ್ಟೋದಿಲ್ಲ. 'ದಿ ಲಾಂಗ್ ಗುಡ್‌ಬೈ'ನಲ್ಲಿ 5,000 ಡಾಲರಿನ ಒಂದೇ ನೋಟು ಕೈಗೆ ಬರುತ್ತೆ. ಪುಸ್ತಕದ ಉದ್ದಕ್ಕೂ ಖರ್ಚು ಮಾಡದೆ ಇಟ್ಟುಕೊಂಡು ಕೊನೆಗೆ ವಾಪಸ್ ಕೊಡ್ತಾನೆ. ಹಾಗಂತ ಅವನು ಸಂತ ಅಲ್ಲ. ಕೊಲೆ ಯಾರದು ಅಂತ ಗೊತ್ತಾದ ಮೇಲೂ ಪೊಲೀಸರಿಂದ ಮುಚ್ಚಿಡ್ತಾನೆ, ಆ ಕೊಳಕಿನಲ್ಲಿ ತಾನೂ ಪಾಲುದಾರ ಅಂತ ಒಪ್ಪಿಕೊಳ್ತಾನೆ. ಇಲ್ಲೇ ಅವನು ನಮಗೆ ಹತ್ತಿರ ಆಗೋದು. ಊರನ್ನ ಸರಿಮಾಡೋಕೆ ಅವನ ಕೈಲಿ ಆಗಲ್ಲ, ತನ್ನ ದರ ತಾನು ನಿಗದಿ ಮಾಡ್ಕೊಳ್ಳೋಕೆ ಮಾತ್ರ ಆಗುತ್ತೆ.

ನನಗೂ ಇದು ಬರೀ ಸಾಹಿತ್ಯದ ಮಾತಲ್ಲ. ಹಿಂದೊಮ್ಮೆ ಒಬ್ಬ ಪ್ರಾಯೋಜಕರು ಹಳೇ ಸಂಚಿಕೆಯೊಂದನ್ನು ತೆಗೆದುಹಾಕಿದರೆ ಹಣ ಕೊಡ್ತೀವಿ ಅಂದ್ರು. ನನ್ನ ನಾಲ್ಕು ತಿಂಗಳ ಬಾಡಿಗೆ ಅದು. ತೆಗೆಯಲಿಲ್ಲ. ಬಾಡಿಗೆಗೆ ಅವರಿವರ ಜಿಎಸ್‌ಟಿ ರಿಟರ್ನ್ಸ್ ತುಂಬಿಕೊಟ್ಟೆ. ಬೇಡ ಅಂದ ಮೇಲೂ ಒಂದು ವಾರ ಮನಸ್ಸು ಆ ಮೊತ್ತವನ್ನೇ ಎಣಿಸ್ತಿತ್ತು. ಮಾರ್ಲೋ ಆ ನೋಟನ್ನು ಮತ್ತೆ ಮತ್ತೆ ತೆಗೆದು ನೋಡೋದು ಯಾಕೆ ಅಂತ ಆಗ ಅರ್ಥ ಆಯ್ತು.

ಒಂದು ಎಚ್ಚರಿಕೆ. ಹೆಂಗಸರ ಬಗ್ಗೆ, ಕಪ್ಪು ಜನರ ಬಗ್ಗೆ ಈ ಪುಸ್ತಕಗಳಲ್ಲಿರೋ ಕೆಲವು ಮಾತು ಇವತ್ತು ಓದಿದರೆ ಚುಚ್ಚುತ್ತೆ. ಆದರೆ 'ಫೇರ್‌ವೆಲ್, ಮೈ ಲವ್ಲಿ' ಶುರುವಾಗೋದೇ ಒಬ್ಬ ಕಪ್ಪು ಮನುಷ್ಯನ ಕೊಲೆಯಿಂದ. ಪೊಲೀಸರಿಗೆ ಆ ಸಾವು ಲೆಕ್ಕಕ್ಕೇ ಇಲ್ಲ ಅನ್ನೋದನ್ನೂ ಅದೇ ಪುಸ್ತಕ ತೋರಿಸುತ್ತೆ. ಎರಡನ್ನೂ ಗಮನದಲ್ಲಿಟ್ಟು ಓದಿ.

ಹೊಸಬರು 'ದಿ ಬಿಗ್ ಸ್ಲೀಪ್'ನಿಂದ ಶುರು ಮಾಡಿ. ಅದರಲ್ಲಿ ಕಾರ್ ಡ್ರೈವರ್‌ನನ್ನು ಕೊಂದವರು ಯಾರು ಅಂತ ಹುಡುಕ್ತಾ ಕೂರಬೇಡಿ. 1946ರ ಸಿನಿಮಾ ಮಾಡುವಾಗ ನಿರ್ದೇಶಕ ಹೋವರ್ಡ್ ಹಾಕ್ಸ್ ಕೇಳಿದರೆ, ತನಗೂ ಗೊತ್ತಿಲ್ಲ ಅಂದರಂತೆ ಚಾಂಡ್ಲರ್!