ಮ್ಯೂಸಿಕ್ ಸರ್ವರ್ ತಂತ್ರಾಂಶ ಬದಲಿಸಿದರೆ ಹಾಡು ಚೆನ್ನಾಗಿ ಕೇಳಿಸುತ್ತದೆಯೇ?

ದುಬಾರಿ ತಂತ್ರಾಂಶದಲ್ಲಿ ಹಾಡು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬ ನಂಬಿಕೆಯಿದೆ. ಇದು ಬಹುಮಟ್ಟಿಗೆ ತಪ್ಪು. ಸಿಡಿಯಿಂದ ನಕಲಿಸಿದ ಫ್ಲ್ಯಾಕ್ ಫೈಲಿನಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಒಂದೊಂದೂ 16 ಬಿಟ್. ಈ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ ಡ್ಯಾಕ್. ಹಣ ಕೊಟ್ಟು ಪಡೆಯುವ ರೂನ್ ಆಗಲಿ, ಉಚಿತವಾದ ಲಿರಿಯನ್ ಆಗಲಿ, ಅಂಕಿಗಳನ್ನು ಬದಲಿಸದೆ ಅದಕ್ಕೆ ತಲುಪಿಸಿದರೆ ಧ್ವನಿಯೂ ಒಂದೇ.

ಹಾಗಾದರೆ ವ್ಯತ್ಯಾಸ ಕೇಳಿಸುವುದೇಕೆ? ಒಂದರಲ್ಲಿ ಈಕ್ವಲೈಜರ್ ಅಥವಾ ವಾಲ್ಯೂಮ್ ಸರಿಹೊಂದಿಸುವ ಸೆಟ್ಟಿಂಗ್ ಆನ್ ಆಗಿರಬಹುದು. ತುಸು ಜೋರಾದದ್ದೇ ಕಿವಿಗೆ ಉತ್ತಮವೆನಿಸುತ್ತದೆ. ಅವನ್ನು ಆಫ್ ಮಾಡಿ, ಎರಡರ ವಾಲ್ಯೂಮ್ ಸಮ ಮಾಡಿ, ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಕೇಳಿ ನೋಡಿ.

ಹಣ ಕೊಡುವುದಾದರೆ ಸುಲಭ ಹುಡುಕಾಟ, ಕಲಾವಿದರ ಮಾಹಿತಿಯಂತಹ ಸೌಲಭ್ಯಗಳಿಗಾಗಿ ಕೊಡಿ, ಧ್ವನಿಗಾಗಿ ಅಲ್ಲ.